ಗುಜರಿಗೆ ಹಾಕುವ ಮೊದಲು ಒಂದು ಕಾರ್ಡ್ ಹಾಕಿ ನೋಡಿ

ಮಾನ್ಯ ಸಂಪಾದಕರೇ,

ಶಾಲೆಗಳಿಂದ ಇ-ತ್ಯಾಜ್ಯ ಸಂಗ್ರಹಿಸುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿ ಇದನ್ನು ಬರೆಯುತ್ತಿದ್ದೇನೆ. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಆ ಗೋಣಿಚೀಲದೊಳಗೆ ಎಂತೆಂತದ್ದೆಲ್ಲ ಹೋಗುತ್ತಿದೆ ಅಂತ ಯಾರಾದರೂ ಒಮ್ಮೆ ಇಣುಕಿ ನೋಡಬೇಕು ಮಾರಾಯ್ರೇ.

ನನ್ನದು ಉಡುಪಿಯ ಕಿನ್ನಿಮುಲ್ಕಿ ಹತ್ತಿರ ಟಿವಿ, ಯುಪಿಎಸ್ ರಿಪೇರಿಯ ಸಣ್ಣ ಅಂಗಡಿ. ಮಳೆ ಶುರುವಾಗುವ ಹೊತ್ತಿಗೆ ಪರಿಚಯದ ಗುಜರಿಯವರು ಒಂದು ಶಾಲೆಯಿಂದ ತಂದ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು, ಬೇಕಾದ್ದು ಆರಿಸಿಕೊಳ್ಳಿ ಅಂತ. ಮುರಿದ ಕೀಬೋರ್ಡು, ಬಾಲ ತುಂಡಾದ ಮೌಸುಗಳ ನಡುವೆ ಆರು ರಾಸ್ಪ್‌ಬೆರಿ ಪೈ ಬೋರ್ಡ್ ಸಿಕ್ಕಿದವು, ಟಿವಿಗೆ ಸಿಕ್ಕಿಸಿ ಓಡಿಸುವ ಪುಟ್ಟ ಕಂಪ್ಯೂಟರ್. 2012ರಲ್ಲಿ ಬಂದ ಮೊದಲ ಮಾದರಿ. ಎಟಿಎಂ ಕಾರ್ಡಿನಷ್ಟು ಅಗಲ, 700 ಮೆಗಾಹರ್ಟ್ಸ್ ವೇಗ, 512 ಎಂಬಿ ರ‍್ಯಾಮ್. ಯಾಕೆ ಎಸೆದರಂತೆ ಅಂತ ವಿಚಾರಿಸಿದೆ. ತುಂಬ ಸ್ಲೋ, ಬ್ರೌಸರ್ ತೆರೆಯುವಷ್ಟರಲ್ಲಿ ಪೀರಿಯಡ್ ಮುಗಿಯುತ್ತದೆ ಅಂದರಂತೆ. ಸುಳ್ಳಲ್ಲ. ಈಗಿನ ಲಿನಕ್ಸ್ ಡೆಸ್ಕ್‌ಟಾಪ್ ಮತ್ತು ಬ್ರೌಸರಿಗೆ ಆ ರ‍್ಯಾಮ್ ಮೂಗಿಗೂ ಸಾಲುವುದಿಲ್ಲ. ಹಾಗಂತ ಬೋರ್ಡ್ ಸತ್ತಿದೆ ಅಂತ ಅಲ್ಲ ಅಲ್ವಾ?

ಎರಡರಲ್ಲಿ ಕೆಂಪು ಲೈಟ್ ಮಾತ್ರ ಬಂತು, ಹಸಿರು ಮಿನುಗಲೇ ಇಲ್ಲ. ಅಂದರೆ ಕರೆಂಟ್ ಬರ್ತಾ ಇದೆ, ಬೋರ್ಡನ್ನು ಎಬ್ಬಿಸುವ ಮೆಮೊರಿ ಕಾರ್ಡ್ ಓದುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಇದು ಹೊಸತಲ್ಲ, ಉಪ್ಪುಗಾಳಿಗೆ ಕಾರ್ಡ್ ಕೂರುವ ಜಾಗದ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಶಾಲೆ ಮಕ್ಕಳ ರಬ್ಬರನ್ನು ಬ್ಲೇಡಿನಲ್ಲಿ ಸಣ್ಣ ಪಟ್ಟಿಯಾಗಿ ಕತ್ತರಿಸಿ, ಒಳಗೆ ತೂರಿಸಿ ಮೆತ್ತಗೆ ನಾಲ್ಕು ಸಲ ಉಜ್ಜಿದೆ, ಊದಿದೆ. ಒಂದು ಎದ್ದಿತು. ಇನ್ನೊಂದರ ಸ್ಲಾಟೇ ಬಿರುಕು ಬಿಟ್ಟಿತ್ತು, ಬಿಟ್ಟುಬಿಟ್ಟೆ.

ಉಳಿದ ಐದಕ್ಕೂ ರಿಸ್ಕ್ ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದೆ, ವಿಂಡೋಸ್, ಲಿನಕ್ಸ್ ಇದ್ದ ಹಾಗೆ. ಹೆಸರು ಕೇಳಿದವರು ಕಡಿಮೆ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1987ರಲ್ಲಿ ತನ್ನ ಆರ್ಕಿಮಿಡೀಸ್ ಕಂಪ್ಯೂಟರಿಗೆಂದು ಮಾಡಿದ ವ್ಯವಸ್ಥೆಯಿಂದ ಬೆಳೆದದ್ದು. ಕಂಪನಿ ಈಗಿಲ್ಲ, ಆಸಕ್ತರು ಸೇರಿ ಅದನ್ನು ಬದುಕಿಸಿಕೊಂಡು ಬಂದಿದ್ದಾರೆ, 2018ರಿಂದ ಅದರ ಸೋರ್ಸ್ ಕೋಡ್ ಕೂಡ ಮುಕ್ತ. ಪುಕ್ಕಟೆ ಇಳಿಸಿಕೊಂಡು 2 ಜಿಬಿ ಕಾರ್ಡಿಗೆ ಹಾಕಬಹುದು. ಅಷ್ಟು ಸಣ್ಣ ಕಾರ್ಡ್ ಈಗ ಅಂಗಡಿಯಲ್ಲಿ ಹುಡುಕುವುದೇ ಕಷ್ಟ, ನಾನು ಹಳೆ ಕ್ಯಾಮೆರಾದ್ದು ತೆಗೆದೆ. ಸ್ವಿಚ್ ಹಾಕಿ, ಎದ್ದು ಹೋಗಿ ಫ್ಯಾನ್ ಹಾಕಿ ಬರುವಷ್ಟರಲ್ಲಿ ಪರದೆ ಮೇಲೆ ಡೆಸ್ಕ್‌ಟಾಪ್ ಬಂದು ಕೂತಿತ್ತು.

ತಂಗಿಯ ಮಗ ಎಂಟನೇ ಕ್ಲಾಸು. ಶಾಲೆ ಬಿಟ್ಟು ಅಂಗಡಿಗೆ ಬಂದವನು 'ಎಂತ ಮಾಮ ಇದು, ಸೇವ್ ಬಟನ್ನೇ ಇಲ್ಲ' ಅಂದ. ಇದರಲ್ಲಿ ಸೇವ್ ಮಾಡುವ ಕ್ರಮವೇ ಬೇರೆ. ಫೈಲಿನ ಚಿತ್ರ ಬರುತ್ತದೆ, ಅದನ್ನು ಮೌಸಿನಲ್ಲಿ ಹಿಡಿದು ಎಳೆದು ಬೇಕಾದ ಫೋಲ್ಡರಿಗೆ ಹಾಕಬೇಕು, ಥೇಟ್ ಕಾಗದ ತೆಗೆದು ಕಪಾಟಿಗೆ ಹಾಕಿದ ಹಾಗೆ. ಮೆನು ಬೇಕಾದರೆ ಮೌಸಿನ ನಡುವಿನ ಚಕ್ರ ಒತ್ತಬೇಕು. ಹತ್ತು ನಿಮಿಷ ಬೈದುಕೊಂಡ, ಆಮೇಲೆ ನನಗಿಂತ ಚೆನ್ನಾಗಿ ಓಡಿಸಿದ. ಅವನಿಗೆ ಹುಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಇದರಲ್ಲಿ ಪ್ರೋಗ್ರಾಂ ಅಂದರೆ ಹೆಸರಿನ ಮುಂದೆ ಆಶ್ಚರ್ಯ ಚಿಹ್ನೆ ಇರುವ ಒಂದು ಫೋಲ್ಡರ್, ಅಷ್ಟೇ. ಶಿಫ್ಟ್ ಒತ್ತಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಅದರ ಹೊಟ್ಟೆ ತೆರೆಯುತ್ತದೆ. ಐಕಾನ್ ಎಲ್ಲಿದೆ, ಶುರು ಮಾಡುವ ಸಾಲು ಎಲ್ಲಿದೆ, ಎಲ್ಲ ಕಾಣುತ್ತದೆ. ಮೊಬೈಲಿನಲ್ಲಿ ಯಾವ ಆ್ಯಪ್ ಹೀಗೆ ಒಳಗೆ ಬಿಟ್ಟುಕೊಳ್ಳುತ್ತದೆ ಹೇಳಿ.

ಎಫ್ 12 ಒತ್ತಿ ಬೇಸಿಕ್ ಅಂತ ಟೈಪ್ ಮಾಡಿದರೆ ಬಿಬಿಸಿ ಬೇಸಿಕ್ ಎಂಬ ಪ್ರೋಗ್ರಾಂ ಬರೆಯುವ ಭಾಷೆ ಬರುತ್ತದೆ. ಇಲ್ಲಿ ನನ್ನದೊಂದು ಹಳೆ ಕಥೆ ಹೇಳಲೇಬೇಕು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತ್ತು, 32 ಕೆಬಿ ಮೆಮೊರಿಯದ್ದು, ಅದೂ ಇದೇ ಏಕಾರ್ನ್ ಕಂಪನಿಯದ್ದು. ನಮ್ಮ ಶಾಲೆಗೆ ಬರಲಿಲ್ಲ. ಬಂದಿದ್ದ ಒಂದು ಶಾಲೆಯ ಕಿಟಕಿ ಸರಳು ಹಿಡಿದು ನಿಂತು ನೋಡಿದ್ದೆ, ಒಳಗೆ ಚಪ್ಪಲಿ ಬಿಟ್ಟು ಕೂತ ಮಕ್ಕಳು ತಮ್ಮ ಹೆಸರನ್ನು ಪರದೆ ತುಂಬ ಓಡಿಸುತ್ತಿದ್ದರು. ಮೊನ್ನೆ ನನ್ನ ಅಂಗಡಿಯಲ್ಲಿ ಹುಡುಗ ಬೇಸಿಕ್ಕಿನಲ್ಲಿ ಎರಡು ಸಾಲು ಬರೆದು ಅದೇ ಥರ ತನ್ನ ಹೆಸರು ಓಡಿಸಿದ. ನಾನು ಚಾ ತರುವ ನೆಪದಲ್ಲಿ ಹೊರಗೆ ಹೋದೆ.

ಅವನ ಜೇಬಿನ ಮೊಬೈಲಿನಲ್ಲಿರುವ ಆರ್ಮ್ ಪ್ರೊಸೆಸರಿನ ವಿನ್ಯಾಸ ಹುಟ್ಟಿದ್ದೂ ಅದೇ ಏಕಾರ್ನ್ ಕಂಪನಿಯಲ್ಲಿ, ಮೊದಲ ಚಿಪ್ 1985ರಲ್ಲಿ ಬಂತು. ಇದನ್ನು ಹೇಳಿದಾಗ ಮಾತ್ರ ಅವನು ನಂಬಲಿಲ್ಲ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಯೂಟ್ಯೂಬ್, ಬ್ಯಾಂಕ್ ಕೆಲಸ ಇದರಲ್ಲಿ ಬೇಡ. ಒಂದು ಪ್ರೋಗ್ರಾಂ ತನ್ನ ಸರದಿ ಬಿಟ್ಟುಕೊಡದೆ ಕೂತರೆ ಇಡೀ ಯಂತ್ರ ನಿಂತುಬಿಡುತ್ತದೆ, ಸುಮ್ನೆ ಆಫ್ ಮಾಡಿ ಆನ್ ಮಾಡಿದ್ದು ಎಷ್ಟು ಸಲವೋ. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ತಪ್ಪುತ್ತದೆ, ಈ ಬೋರ್ಡಿನಲ್ಲಿ ಟೈಮ್ ಹಿಡಿದಿಡುವ ಬ್ಯಾಟರಿ ಇಲ್ಲ. ನನಗೆ ಜಾಸ್ತಿ ಬೇಜಾರಾದದ್ದು ಕನ್ನಡದ ವಿಷಯ. ಎಷ್ಟು ಒದ್ದಾಡಿದರೂ ನನ್ನ ಪರದೆಯಲ್ಲಿ ಕನ್ನಡ ಮೂಡಿಸಲು ಆಗಲಿಲ್ಲ. ಇಂಜಿನಿಯರಿಂಗ್ ಓದುವ ಯಾರಾದರೂ ಕೈ ಹಾಕಿದರೆ ಒಂದು ಒಳ್ಳೆಯ ಪ್ರಾಜೆಕ್ಟ್ ಆದೀತು, ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತರುವುದಕ್ಕಿಂತ.

ನನ್ನ ಕೋರಿಕೆ ಇಷ್ಟೇ. ಉಡುಪಿ, ಮಣಿಪಾಲ, ಮಲ್ಪೆ ಕಡೆಯ ಶಾಲೆಯವರು ಇಂಥ ಸಣ್ಣ ಬೋರ್ಡ್‌ಗಳನ್ನು ಚೀಲಕ್ಕೆ ತುಂಬುವ ಮೊದಲು ಲ್ಯಾಬಿನಲ್ಲಿ ಒಂದು ಮೇಜು ಬಿಟ್ಟುಕೊಡಲಿ. ಹಳೆ ಟಿವಿ, ಒಂದು ಕೀಬೋರ್ಡ್, ಚಕ್ರವಿರುವ ಮೌಸ್ ಸಾಕು. ಶನಿವಾರ ಮಧ್ಯಾಹ್ನ ನನ್ನ ಅಂಗಡಿ ಬಾಗಿಲು ಹಾಕಿರುತ್ತದೆ, ಕರೆದರೆ ನಾನೇ ಬರುತ್ತೇನೆ. ಕಾರ್ಡೂ ತರುತ್ತೇನೆ, ರಬ್ಬರೂ ತರುತ್ತೇನೆ.

ಇತಿ,
ಒಬ್ಬ ರಿಪೇರಿಯವ, ಕಿನ್ನಿಮುಲ್ಕಿ, ಉಡುಪಿ