ನಮ್ಮೂರ ತಂಗಿಯ ಸೊಂಟದ ಆಪರೇಶನಿಗೆ ನಿಮ್ಮ ಕೈಲಾದಷ್ಟು ಕೊಡಿ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆ ಪೆರ್ಲ ಬದಿಯ ಭಜನಾ ಮಂದಿರದ ಸಮಿತಿಯಿಂದ ಬರೀತಾ ಇದ್ದೇವೆ. ಹೋದ ವರ್ಷ ಮಂದಿರದ ಮಾಡಿಗೆ ಶೀಟು ಹಾಕಿಸ್ಲಿಕ್ಕೆ ಕೇಳಿದ್ದೆವು, ನೀವೆಲ್ಲ ಕೊಟ್ರಿ. ಈ ಸಲ ಕೇಳುದು ಮಂದಿರಕ್ಕಲ್ಲ, ಊರಿನ ಒಬ್ಬಳು ಹುಡುಗಿಗೆ.

ಶನಿವಾರದ ಭಜನೆಗೆ ಬರುವವರಿಗೆಲ್ಲ ಅವಳ ಗುರ್ತ ಉಂಟು. ಎಡದ ಕಂಬಕ್ಕೆ ಒರಗಿ ಕೂತು ಬಲಗೈಲಿ ತೊಡೆಗೆ ತಾಳ ಹಾಕ್ತಾ ಇದ್ಳಲ್ಲ, ಅವಳೇ. ಈಗ 31 ವರ್ಷ. ಹುಟ್ಟುವಾಗ ಉಸಿರು ಬರ್ಲಿಕ್ಕೆ ತಡ ಆಗಿ ಸೆರೆಬ್ರಲ್ ಪಾಲ್ಸಿ ಆದದ್ದು, ಅಂದ್ರೆ ಮೆದುಳಿಗೆ ತೊಂದರೆ ಆಗಿ ಕೈಕಾಲು ಹೇಳಿದ ಹಾಗೆ ಕೇಳುದಿಲ್ಲ. ಎಂಡೋಸಲ್ಫಾನ್ (ಗೇರು ತೋಟಕ್ಕೆ ಹೊಡೀತಾ ಇದ್ದ ವಿಷದ ಮದ್ದು) ಬಾಧಿತರ ಸರ್ಕಾರಿ ಲಿಸ್ಟಲ್ಲಿ ಹೆಸರಿಲ್ವಾ ಅಂತ ಎಲ್ರೂ ಕೇಳ್ತಾರೆ, ಇಲ್ಲ, ಹಾಗಾಗಿ ಆ ಬಾಬ್ತಿನ ಸಹಾಯ ಏನೂ ಇಲ್ಲ. ಅಪ್ಪ ತೀರಿಹೋಗಿ ಒಂಬತ್ತು ವರ್ಷ ಆಯ್ತು, ಅಮ್ಮ ಬೀಡಿ ಕಟ್ಟಿ ಸಾಕುದು.

ಎರಡು ವರ್ಷದಿಂದ ಆ ಕಂಬದ ಹತ್ರ ಜಾಗ ಖಾಲಿ ಉಂಟು. ಸೊಂಟದ ಕೀಲು ಪೂರ್ತಿ ಜಾರಿ ಸವೆದುಹೋಗಿದೆ, ಕೂರ್ಲಿಕ್ಕೇ ಆಗುದಿಲ್ಲ. ತೊಡೆಯ ಒಳಬದಿಯ ಸ್ನಾಯು ಯಾವಾಗ್ಲೂ ಬಿಗಿದೇ ಇರುದ್ರಿಂದ ಕಾಲು ಎರಡೂ ಕತ್ತರಿ ಹಾಗೆ ಒಂದರ ಮೇಲೊಂದು ಬಂದು, ಬಟ್ಟೆ ಬದಲಿಸ್ಬೇಕಾದ್ರೆ ಅಮ್ಮ ಹಳೇ ಸೀರೆ ಮಡಚಿ ಮೊಣಕಾಲಿನ ಎಡೆಗೆ ಮೆಲ್ಲ ತುರುಕಿ ಬಿಡಿಸ್ಬೇಕು. ನಾವು ಮನೆಗೆ ಹೋದ ದಿವಸ ಕಣ್ಣಾರೆ ನೋಡಿದ್ದು, ಅಮ್ಮ ಬೀಡಿಯ ತಡ್ಪೆ ಬದಿಗಿಟ್ಟ ಶಬ್ದ ಕೇಳಿದ ಕೂಡ್ಲೇ ಇವಳು ಹೊದಿಕೆಯ ತುದಿ ಬಾಯಿಗೆ ಹಾಕಿ ಕಚ್ಚಿ ಹಿಡ್ಕೊಂಡ್ಳು. ನೋವು ಬರುವ ಮೊದಲೇ. ದಿನಕ್ಕೆ ನಾಲ್ಕೈದು ಸಲ ಇದು.

ಮಂಗಳೂರಿನ ಡಾಕ್ಟರು ಹಿಪ್ ರಿಪ್ಲೇಸ್‌ಮೆಂಟ್, ಅಂದ್ರೆ ಸವೆದ ಸೊಂಟದ ಕೀಲು ತೆಗೆದು ಕೃತಕ ಕೀಲು ಹಾಕುವ ಆಪರೇಶನ್, ಮಾಡ್ಬಹುದು ಅಂತ ಹೇಳಿದ್ದಾರೆ. "ನಡೀಲಿಕ್ಕೆ ಆಗುದಿಲ್ಲಾದ್ರೆ ಅಷ್ಟು ಖರ್ಚು ಯಾಕೆ" ಅಂತ ಕೆಲವರು ಕೇಳಿದ್ರು. ಹೌದು, ಅವಳು ನಡೆಯುದಿಲ್ಲ, ಮೊದಲೂ ನಡೀತಾ ಇರ್ಲಿಲ್ಲ. ಅವಳಿಗೆ ಬೇಕಾದ್ದು ನೋವಿಲ್ಲದೆ ವೀಲ್‌ಚೇರಲ್ಲಿ ಕೂರುದು, ರಾತ್ರಿ ನಿದ್ದೆ ಬರುದು, ಅಮ್ಮ ಹತ್ರ ಬಂದ್ರೆ ಹೆದರದೆ ಇರುದು. ಇಂಥ ಕಾಯಿಲೆಯವರಿಗೆ ಈ ಆಪರೇಶನ್ ಮಾಡಿದಾಗ ಹೆಚ್ಚಿನವರಿಗೆ ನೋವು ಚೆನ್ನಾಗಿ ಕಮ್ಮಿ ಆಗ್ತದೆ, ಕೂರಿಸುದು ಮೀಯಿಸುದು ಸುಲಭ ಆಗ್ತದೆ, ಅದು ಸಣ್ಣ ವಿಷಯ ಅಂತ ನಮಗೆ ಕಾಣುದಿಲ್ಲ.

ಅಪಾಯ ಇಲ್ಲ ಅಂತ ಹೇಳುದಿಲ್ಲ. ಸ್ನಾಯು ಎಳೆಯುದ್ರಿಂದ ಹೊಸ ಕೀಲು ತಪ್ಪುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಇನ್ಫೆಕ್ಷನ್ ಆದ್ರೆ ಪುನಃ ಆಪರೇಶನ್ ಬೇಕಾಗ್ಲೂಬಹುದು. ಅದಕ್ಕೇ ಡುವಲ್ ಮೊಬಿಲಿಟಿ ಅನ್ನುವ ಇಂಪ್ಲಾಂಟ್ ಹಾಕ್ತಾರಂತೆ, ಫ್ರಾನ್ಸಿನ ಡಾಕ್ಟರ್ ಜಿಲ್ ಬುಸ್ಕೆ 1970ರ ದಶಕದಲ್ಲಿ ಮಾಡಿದ್ದು. ಸಣ್ಣ ಉಂಡೆ ಒಂದು ದೊಡ್ಡ ಪ್ಲಾಸ್ಟಿಕ್ ಉಂಡೆಯ ಒಳಗೆ ತಿರುಗ್ತದೆ, ಆ ದೊಡ್ಡ ಉಂಡೆ ಗೆರಟೆಯ ಹಾಗಿನ ಲೋಹದ ಕಪ್ಪಿನೊಳಗೆ ತಿರುಗ್ತದೆ, ಎರಡು ಕಡೆ ತಿರುಗುದ್ರಿಂದ ಬೇಗ ತಪ್ಪುದಿಲ್ಲ. ಜೊತೆಗೆ ತೊಡೆಯ ಬಿಗಿದ ಸ್ನಾಯುವನ್ನೂ ಸ್ವಲ್ಪ ಕೊಯ್ದು ಸಡಿಲ ಮಾಡ್ತಾರೆ, ಆಮೇಲೆ ಕೆಲವು ವಾರ ಕಾಲು ಅಗಲಿಸಿ ಇಡುವ ಬೆಲ್ಟು, ಫಿಸಿಯೋಥೆರಪಿ.

ಲೆಕ್ಕ ಹೀಗುಂಟು. ವಿಮೆ ಕಾರ್ಡಿನಲ್ಲಿ ಆಗುದನ್ನು ಕಳೆದು 2,80,000 ರೂಪಾಯಿ ಬೇಕು. ಮಂದಿರದಿಂದ 25,000, ಅಮ್ಮನ ಕುಡುಂಬಶ್ರೀ (ಹೆಂಗಸರ ಸ್ವಸಹಾಯ ಸಂಘ) ಸಾಲ 40,000, ಗಲ್ಫಲ್ಲಿರುವ ನಮ್ಮ ಮಕ್ಕಳು ಸೇರಿ ಕಳಿಸಿದ್ದು 60,000. ಇನ್ನು 1,55,000 ಆಗ್ಬೇಕು. ನೂರು ರೂಪಾಯಿ ಕೊಟ್ರೂ ರಶೀದಿ ಕೊಡ್ತೇವೆ, ಖರ್ಚಿನ ಬಿಲ್ಲೆಲ್ಲ ಮಂದಿರದ ಬೋರ್ಡಲ್ಲಿ ಅಂಟಿಸ್ತೇವೆ.

ಇನ್ನೊಂದು ಮಾತು, ಹಣದ್ದಲ್ಲ. ಮನೇಲಿ ಸೆರೆಬ್ರಲ್ ಪಾಲ್ಸಿ ಇರುವ ಸಣ್ಣ ಮಕ್ಕಳಿದ್ರೆ, ನೋವು ಅಂತ ಹೇಳದಿದ್ರೂ ಡಾಕ್ಟರಲ್ಲಿ ಕೇಳಿ ಸೊಂಟದ ಎಕ್ಸ್‌ರೇ ಆಗಾಗ ತೆಗೆಸಿ. ಮೂರರಲ್ಲಿ ಸುಮಾರು ಒಂದು ಮಗುವಿಗೆ ಕೀಲು ಮೆಲ್ಲ ಜಾರ್ತದೆ, ಹೊರಗೆ ಗೊತ್ತೇ ಆಗುದಿಲ್ಲ. ಸ್ವೀಡನಿನಲ್ಲಿ 1994ರಿಂದ ಹೀಗೆ ನೋಡ್ಕೊಂಡು ಬಂದು ಪೂರ್ತಿ ಕೀಲು ತಪ್ಪುದನ್ನು ಬಹಳಷ್ಟು ತಡೆದಿದ್ದಾರೆ. ನಮ್ಮ ತಂಗಿಗೆ ಸಣ್ಣದಿರುವಾಗ ಒಂದು ಎಕ್ಸ್‌ರೇಯೂ ಆಗ್ಲಿಲ್ಲ, ನಮಗೆ ಯಾರಿಗೂ ಗೊತ್ತಿರ್ಲಿಲ್ಲ.

ಹಣ ಮಂದಿರದ ಆಫೀಸಲ್ಲಿ ಸಂಜೆ ಆರರ ನಂತರ ಕೊಡ್ಬಹುದು, ದೂರದಲ್ಲಿರುವವರು ಸಮಿತಿಯವರಲ್ಲಿ ಕೇಳಿದ್ರೆ ಬ್ಯಾಂಕ್ ಅಕೌಂಟ್ ನಂಬ್ರ ಕೊಡ್ತಾರೆ. ರಕ್ತ ಕೊಡುವವರೂ, ಮಂಗಳೂರಲ್ಲಿ ಅಮ್ಮನ ಜೊತೆ ಒಂದೊಂದು ರಾತ್ರಿ ನಿಲ್ಲುವ ಅಕ್ಕಂದಿರೂ ಬೇಕು, ದಯವಿಟ್ಟು ಬರುವ ಶನಿವಾರದ ಭಜನೆಯ ದಿವಸ ಹೆಸರು ಬರೆಸಿ.