ಮೀಲ್‌ವರ್ಮ್ ಮತ್ತು ನಿನ್ನ ಊರಿನ ಚಳಿ

ಮುದ್ದು ಪುಟ್ಟೀ,

ನಿನ್ನೆ ಫೋನಿನಲ್ಲಿ ‘ಮೈನಸ್ 22 ಅಮ್ಮಾ’ ಅಂದೆಯಲ್ಲ, ಆಮೇಲೆ ನನಗೆ ನಿದ್ದೆಯೇ ಹತ್ತಲಿಲ್ಲ. ಮೈಸೂರಿನಲ್ಲಿ 14ಕ್ಕೆ ಇಳಿದರೇ ಸ್ವೆಟರ್ ಹುಡುಕುವವರು ನಾವು. ಮಲಗಿದಲ್ಲೇ ಒಂದು ಹುಳು ನೆನಪಾಯಿತು. ನಿನಗೂ ಗೊತ್ತಿರುವ ಹುಳು.

ಗೂಡಿನಿಂದ ಬಿದ್ದ ಮೈನಾ ಮರಿಗೆ ಅಂಗಡಿಯಿಂದ ಡಬ್ಬಿಯಲ್ಲಿ ಮೀಲ್‌ವರ್ಮ್ ತರುತ್ತಿದ್ದೆವು, ನೆನಪಿದೆಯಾ? ಹಳದಿ ಹುಳುಗಳು ಗೋಧಿ ಬೂಸಾದಲ್ಲಿ ಹೊರಳಾಡುತ್ತಿದ್ದವು. ನಾನು ಮುಚ್ಚಳ ತೆಗೆದರೆ ನೀನು ಹಿತ್ತಲಿಗೆ ಓಡುತ್ತಿದ್ದೆ. ಅದು ಒಂದು ಕಪ್ಪು ದುಂಬಿಯ ಮರಿ. ಅದರ ಮೈಯಲ್ಲಿ ಐಸ್ ಬೆಳೆಯದಂತೆ ತಡೆಯುವ ಪ್ರೋಟೀನ್ ಇದೆ. ಅದು ಎಷ್ಟು ಜೋರು ಅಂತ 1997ರಲ್ಲಿ ತೋರಿಸಿದ್ದು ಲಾರಿ ಗ್ರಹಾಂ, ಪೀಟರ್ ಡೇವಿಸ್ ಮತ್ತು ಜೊತೆಯವರು. ನೀನೀಗ ಇರುವ ಕೆನಡಾದ ಕಿಂಗ್‌ಸ್ಟನ್ನಿನಲ್ಲೇ, ಕ್ವೀನ್ಸ್ ಯೂನಿವರ್ಸಿಟಿಯಲ್ಲಿ!

ಏಳನೇ ಕ್ಲಾಸಿನಲ್ಲಿ ನೀನು ಸಕ್ಕರೆ ಪಾಕಕ್ಕೆ ದಾರ ಇಳಿಬಿಟ್ಟು ಕಲ್ಲುಸಕ್ಕರೆ ಮಾಡಿದ್ದೆ. ಮೊದಲು ಸಾಸಿವೆಯಷ್ಟು ಹರಳು. ಅದರ ಮೇಲೇ ಪದರ ಕೂತು ಕೂತು ಕಡಲೇಕಾಳಿನಷ್ಟಾಯಿತು. ಐಸೂ ಹಾಗೇ ಬೆಳೆಯುವುದು. ಹುಳುವಿಗೆ ಅಪಾಯ ಆ ಸಾಸಿವೆಯಲ್ಲಿಲ್ಲ, ಅದು ದೊಡ್ಡದಾಗುವುದರಲ್ಲಿದೆ. ಪ್ರೋಟೀನ್ ಹೋಗಿ ಪುಟ್ಟ ಹರಳಿನ ಮೈಮೇಲೆ ಅಲ್ಲಲ್ಲಿ ಅಂಟಿಕೊಳ್ಳುತ್ತದೆ. ಆಮೇಲೆ ಐಸ್ ಬೆಳೆಯಬೇಕೆಂದರೆ ನಡುವಿನ ಸಂದಿಯಲ್ಲಿ ಉಬ್ಬಬೇಕು, ಹತ್ತಿ ಹಾಸಿಗೆಯಲ್ಲಿ ಹೊಲಿಗೆ ಹಾಕಿದ ಕಡೆ ತಗ್ಗಾಗಿ ನಡುವೆ ಉಬ್ಬಿರುತ್ತದಲ್ಲ, ಹಾಗೆ. ಉಬ್ಬಿದ ಮೈಗೆ ಹೊಸ ನೀರಿನ ಕಣ ಬಂದು ಸೇರುವುದು ಕಷ್ಟ. ಬೆಳವಣಿಗೆ ನಿಂತುಹೋಗುತ್ತದೆ.

ನೀರಿಗೆ ಉಪ್ಪು ಹಾಕಿದರೆ ಹೆಪ್ಪುಗಟ್ಟುವ ಡಿಗ್ರಿ, ಕರಗುವ ಡಿಗ್ರಿ ಎರಡೂ ಒಟ್ಟಿಗೆ ಇಳಿಯುತ್ತವೆ. ಇಲ್ಲಿ ಹೆಪ್ಪುಗಟ್ಟುವುದು ಮಾತ್ರ ಕೆಳಗೆ ಹೋಗುತ್ತದೆ. ಎರಡರ ನಡುವಿನ ಈ ಅಂತರ, ಚಳಿ ಸಮುದ್ರದ ಮೀನುಗಳಲ್ಲಿರುವ ಇಂಥದೇ ಪ್ರೋಟೀನ್‌ನಲ್ಲಿ ಸುಮಾರು 1 ಡಿಗ್ರಿ, ಹುಳುವಿನದರಲ್ಲಿ 5 ಡಿಗ್ರಿ ದಾಟುತ್ತದೆ. ಸಮುದ್ರದ ನೀರು ಮೈನಸ್ 1.9ಕ್ಕಿಂತ ತಣ್ಣಗಾಗುವ ಹೊತ್ತಿಗೆ ತಾನೇ ಗಟ್ಟಿಯಾಗುತ್ತದೆ, ಮೀನಿಗೆ ಅಷ್ಟು ಸಾಕು. ನೆಲದ ಮೇಲಿನ ಹುಳುವಿಗೆ ಹಾಗೆ ಕಾಪಾಡುವ ಸಮುದ್ರವಿಲ್ಲ.

ಹುಳುವಿನ ಆ ಪ್ರೋಟೀನಿನ ಆಕಾರ ನೋಡಬೇಕು ಪುಟ್ಟೀ. ಮಣಿಸರವನ್ನು ಚಪ್ಪಟೆ ಕಡ್ಡಿಗೆ ಸುತ್ತಿದಂತಿದೆ. ಒಂದೊಂದು ಸುತ್ತಿಗೆ 12 ಮಣಿ, ಅಂದರೆ 12 ಅಮೈನೊ ಆಮ್ಲ. ಸುತ್ತು ಬಿಚ್ಚದ ಹಾಗೆ ಗಂಧಕದ 8 ಹೊಲಿಗೆ. ಒಂದು ಮುಖ ಪೂರ್ತಿ ಚಪ್ಪಟೆ, ಅಲ್ಲಿ ಥ್ರಿಯೋನಿನ್ ಎಂಬ ಮಣಿ ಎರಡು ಸಾಲಾಗಿ ನಿಂತಿದೆ. ಆ ಮಣಿಗಳ ಅಂತರವೂ ಐಸ್ ಒಳಗಿನ ಆಕ್ಸಿಜನ್‌ಗಳ ಅಂತರವೂ ಹೆಚ್ಚುಕಡಿಮೆ ಒಂದೇ. ನಾನಿಟ್ಟ ರಂಗೋಲಿ ಚುಕ್ಕಿಯ ಮೇಲೇ ನೀನು ಚುಕ್ಕಿ ಇಟ್ಟಂತೆ. ಎರಡು ಸಾಲಿನ ನಡುವೆ ಒಂದು ಸಾಲು ನೀರಿನ ಕಣಗಳೂ ಐಸ್‌ನಲ್ಲಿ ಕೂರುವ ರೀತಿಯಲ್ಲೇ ಕೂತಿವೆ. ಪಾಠ ಮಾಡುತ್ತಾ ಇಲ್ಲಿಗೆ ಬಂದರೆ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ನಿನ್ನ ಕಡೆಯ ಕಾಡಿನಲ್ಲಿ ಇನ್ನೊಂದು ಹುಳು ಇದೆ, ಸ್ಪ್ರೂಸ್ ಬಡ್‌ವರ್ಮ್. ಫರ್ ಮತ್ತು ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳನ್ನು ಬೋಳು ಮಾಡುವ ಪತಂಗದ ಮರಿ. ಅದರ ಪ್ರೋಟೀನ್ ಎಡಕ್ಕೆ ಸುತ್ತಿಕೊಂಡಿದೆ, ಸುತ್ತಿಗೆ 15 ಮಣಿ. ನಮ್ಮ ಮೀಲ್‌ವರ್ಮಿನದು ಬಲಕ್ಕೆ. ಎರಡಕ್ಕೂ ನಂಟೇ ಇಲ್ಲ. ಆದರೂ ಅಲ್ಲೂ ಅದೇ ಥ್ರಿಯೋನಿನ್, ಅದೇ ಎರಡು ಸಾಲು! ಎರಡರ ರಚನೆಯೂ ಬೆಳಕಿಗೆ ಬಂದದ್ದು ಒಂದೇ ವರ್ಷ, 2000ದಲ್ಲಿ.

ಮೈನಸ್ 30ಕ್ಕೆ ಈ ಪ್ರೋಟೀನ್ ಒಂದೇ ಸಾಲದು. ಬಡ್‌ವರ್ಮ್ ಮೈಯಲ್ಲಿ ಹೆಪ್ಪುಗಟ್ಟದಂತೆ ನೆರವಾಗುವ ಗ್ಲಿಸರಾಲ್ ಎಂಬ ದ್ರವವನ್ನೂ ತುಂಬಿಕೊಳ್ಳುತ್ತದೆ. ತೊಗಟೆಯ ಬಿರುಕಿನಲ್ಲಿ ರೇಷ್ಮೆ ಗೂಡು ನೇಯ್ದು, ಏನೂ ತಿನ್ನದೆ ಚಳಿಗಾಲವಿಡೀ ಮಲಗಿರುತ್ತದೆ.

ಕಿವಿ ಮುಚ್ಚುವ ಟೋಪಿ ಮರೆಯಬೇಡ. ಚಟ್ನಿಪುಡಿ ನಾಳೆ ಪಾರ್ಸೆಲ್ ಮಾಡುತ್ತೇನೆ. ಮೇ ತಿಂಗಳಲ್ಲಿ ಫರ್ ಮರದ ಎಳೆ ಚಿಗುರಿನಲ್ಲಿ ಸಣ್ಣ ಹುಳು ಕಂಡರೆ ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸು. ಈಗ ಓಡಲ್ಲ ಅಲ್ವಾ?

ನಿನ್ನ
ಅಮ್ಮ