ಗುರುವಾರದ ಬೈಬಲ್ ಅಧ್ಯಯನ: ಎರಡು ಅಪ್ಪಣೆಗಳು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಹೋದ ವಾರ ಸಹೋದರಿಯೊಬ್ಬರು ಕೇಳಿದ್ದರು: "ದೇವರ ಮಾತಿಗೆ ತಲೆಬಾಗಿದರೆ ನಮ್ಮ ಸ್ವಾತಂತ್ರ್ಯ ಹೋಗಲ್ವಾ?" ಒಳ್ಳೆ ಪ್ರಶ್ನೆ. ಅವತ್ತು ಸಮಯ ಸಾಲಲಿಲ್ಲ, ಈ ಗುರುವಾರ ಅದನ್ನೇ ತೆಗೆದುಕೊಳ್ಳೋಣ.

ಬರುವ ಮುಂಚೆ ವಿಮೋಚನಕಾಂಡ 5ನೇ ಅಧ್ಯಾಯ ಮತ್ತು ಧರ್ಮೋಪದೇಶಕಾಂಡ 5:12-15 ಓದಿಕೊಳ್ಳಿ. ಮೊದಲನೆಯದರಲ್ಲಿ ಐಗುಪ್ತದ (ಈಜಿಪ್ಟಿನ) ಅರಸ ಫರೋಹನು ತನ್ನ ದಾಸರಾಗಿದ್ದ ಇಸ್ರಾಯೇಲ್ಯರಿಗೆ ಕೊಟ್ಟ ಅಪ್ಪಣೆ ಇದೆ: ಇಟ್ಟಿಗೆಗೆ ಬೇಕಾದ ಹುಲ್ಲು ನೀವೇ ಹುಡುಕಿಕೊಳ್ಳಿ, ಇಟ್ಟಿಗೆ ಲೆಕ್ಕ ಮಾತ್ರ ಕಡಿಮೆಯಾಗಬಾರದು. ಎರಡನೆಯದರಲ್ಲಿ ದೇವರ ಅಪ್ಪಣೆ: ಏಳನೆಯ ದಿನ ಕೆಲಸ ಮಾಡಬೇಡಿ. ದಾಸದಾಸಿಯರಿಗೂ ಎತ್ತು, ಕತ್ತೆಗಳಿಗೂ ಬಿಡುವು ಕೊಡಿ. ಐಗುಪ್ತದಲ್ಲಿ ನೀವೂ ದಾಸರಾಗಿದ್ದಿರಿ, ನೆನಪಿರಲಿ. ಎರಡೂ ಅಪ್ಪಣೆಗಳೇ. ಆದರೆ ಒಂದು ಬೆನ್ನು ಮುರಿಯುತ್ತದೆ, ಇನ್ನೊಂದು ಆ ಬೆನ್ನಿನ ಹೊರೆ ಇಳಿಸುತ್ತದೆ.

ಇನ್ನೊಂದು ವಿಷಯ. ಹತ್ತು ಆಜ್ಞೆಗಳು ಬಂದಿದ್ದು ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಕೆಂಪು ಸಮುದ್ರ ದಾಟಿದ ಮೇಲೆ. ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ನಾವು ಇದನ್ನು ತಿರುವುಮುರುವು ಮಾಡಿಕೊಂಡು, ಚೆನ್ನಾಗಿ ನಡೆದುಕೊಂಡರೆ ದೇವರು ಬಿಡಿಸುತ್ತಾನೆ ಅಂದುಕೊಳ್ಳುವುದೇ ಜಾಸ್ತಿ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ! ಯಾಕೋಬನು ತನ್ನ ಪತ್ರಿಕೆಯಲ್ಲಿ ಧರ್ಮಪ್ರಮಾಣಕ್ಕೂ (ದೇವರ ಆಜ್ಞೆಗಳಿಗೂ) ಬಿಡುಗಡೆಗೂ ಗಂಟು ಹಾಕಿರುವುದನ್ನು (1:25) ಆಮೇಲೆ ಓದಿದಾಗಲೇ ಸ್ವಲ್ಪ ಅರ್ಥವಾಯಿತು.

ಸಂಜೆ 7ಕ್ಕೆ, ಎಂದಿನ ಕೋಣೆಯಲ್ಲೇ. ಟೀ ಇರುತ್ತದೆ. ನಿಮ್ಮನ್ನು ದಿನವೂ ಓಡಿಸುತ್ತಿರುವ "ಇಟ್ಟಿಗೆ ಲೆಕ್ಕ" ಯಾವುದು ಅಂತ ಯೋಚಿಸಿಕೊಂಡು ಬನ್ನಿ. ಫೋನೂ ಆಗಿರಬಹುದು, ನಾಲ್ಕು ಜನರ ಮಾತೂ ಆಗಿರಬಹುದು. ಬರಲು ಆಗದವರು ಬುಧವಾರದೊಳಗೆ ತಿಳಿಸಿ. ಸುಮ್ನೆ ಹೆಬ್ಬೆರಳಿನ ಚಿತ್ರ ಹಾಕಿದರೆ ಬರ್ತೀರೋ ಇಲ್ಲವೋ ಗೊತ್ತಾಗುವುದಿಲ್ಲ.